ಕೇಳಿದ ಹೆಸರು: ಪ್ರೊ. ಪಿ. ಎಲ್. ಭಟ್ನಾಗರ್

ನಾನು ಈ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು, ಭಾಸ್ಕರಾಚಾರ್ಯ, ರಾಮಾನುಜನ್ ಆದಮೇಲೆ ನಮ್ಮ ದೇಶದಲ್ಲಿ ದೊಡ್ಡ ಗಣಿತಜ್ಞರು ಯಾರೂ ಆಗಲಿಲ್ಲವೇ ಎಂದು ಕೇಳಿದಳು. ಒಂದು ಹೆಸರೂ ಬಾಯಿಗೆ ಬರಲಿಲ್ಲ. ನಾಳೆ ಹೇಳುತ್ತೇನೆಂದು ಪಾಠ ಮುಂದುವರಿಸಿದೆ. ಆ ನಾಳೆ ಬರಲೇ ಇಲ್ಲ. ಪರೀಕ್ಷೆ ಬಂತು, ಅವಳು ಶಾಲೆ ಮುಗಿಸಿ ಹೋದಳು. ಸುವರ್ಣ ಮಹೋತ್ಸವ ಸಂಚಿಕೆಗೆ ಬರೆಯಿರೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ನೆನಪಾದದ್ದು ಆ ಬಾಕಿಯೇ.

ಪ್ರಭುಲಾಲ್ ಭಟ್ನಾಗರ್ ಹುಟ್ಟಿದ್ದು 1912ರ ಆಗಸ್ಟ್ 8ರಂದು, ರಾಜಸ್ಥಾನದ ಕೋಟಾದಲ್ಲಿ. ಅಲಹಾಬಾದಿನಲ್ಲಿ ಸಂಶೋಧನೆ ಮಾಡಿ, ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಹಲವು ವರ್ಷ ಪಾಠ ಹೇಳಿದರು. ಐವತ್ತರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ವರ್ಡ್‌ಗೆ ಹೋದರು. ಅವರ ಹೆಸರು ಉಳಿಸಿದ ಕೆಲಸ ಆಗಿನದು.

ಅನಿಲವೊಂದರಲ್ಲಿ ಕೋಟ್ಯಂತರ ಅಣುಗಳು ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಅದನ್ನು ವಿವರಿಸುವ ಸಮೀಕರಣವನ್ನು ಬೋಲ್ಟ್ಸ್‌ಮನ್ 1872ರಲ್ಲೇ ಕೊಟ್ಟಿದ್ದರು. ಆದರೆ ಅದನ್ನು ಬಿಡಿಸುವುದು ಬಹಳ ಕಷ್ಟ. ನಮ್ಮ ಕೊಟ್ಟೂರೇಶ್ವರ ಸ್ವಾಮಿಯ ತೇರಿನ ದಿನ ಯಾರ ಭುಜ ಯಾರಿಗೆ ತಾಗಿತು ಎಂದು ಲೆಕ್ಕ ಇಡಲು ಆದೀತೇ? ಭಟ್ನಾಗರ್, ಗ್ರಾಸ್, ಕ್ರೂಕ್ ಮೂವರೂ ಒಂದೊಂದು ಡಿಕ್ಕಿಯನ್ನು ಹಿಂಬಾಲಿಸುವ ಗೋಜಿಗೆ ಹೋಗಲಿಲ್ಲ. ಡಿಕ್ಕಿಗಳೆಲ್ಲ ಸೇರಿ ಅನಿಲವನ್ನು ಸಮಸ್ಥಿತಿಯ ಕಡೆಗೆ ತರುತ್ತವೆ. ಅದರಿಂದ ಎಷ್ಟು ದೂರ ಸರಿದಿದೆಯೋ ಅಷ್ಟು ವೇಗವಾಗಿ ಮರಳುತ್ತದೆ ಎಂದು ಹಿಡಿದು ಸಮೀಕರಣವನ್ನು ಸರಳಗೊಳಿಸಿದರು. 1954ರಲ್ಲಿ ಪ್ರಕಟವಾದ ಇದಕ್ಕೆ ಬಿ.ಜಿ.ಕೆ. ಮಾದರಿ ಎಂದು ಹೆಸರು. ಮೊದಲ ಅಕ್ಷರ ಭಟ್ನಾಗರರದು. ಯಾವುದನ್ನು ಬಿಡಬೇಕೆಂದು ತಿಳಿಯುವುದು ಎಷ್ಟು ಕಷ್ಟವೆಂಬುದು ಲೆಕ್ಕ ಮಾಡುವವರಿಗೇ ಗೊತ್ತು.

1956ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ವಯಿಕ ಗಣಿತ ವಿಭಾಗ ಕಟ್ಟಿದರು. ಎಂಜಿನಿಯರುಗಳೇ ತುಂಬಿದ್ದ ಆವರಣದಲ್ಲಿ ಗಣಿತಕ್ಕೆ ಸ್ವಂತ ಮನೆ ಸಿಕ್ಕಿತು. ಹರಿವುಗಳ ಅಧ್ಯಯನ ಅಲ್ಲಿ ಬೆಳೆಯಿತು. ನೀರಿನಂತೆ ಹರಿಯದ ದ್ರವಗಳೂ ಅದರಲ್ಲಿ ಸೇರಿದ್ದವು. ಮಿರ್ಚಿ ಅದ್ದುವ ಕಡಲೆಹಿಟ್ಟು ಕಲಸುವಾಗ ಒಂದು ರೀತಿ, ಮೆಣಸಿನಕಾಯಿಗೆ ಅಂಟಿ ನಿಂತಾಗ ಇನ್ನೊಂದು ರೀತಿ ಇರುತ್ತದಲ್ಲ, ಅಂಥವು. ಅಲೆಗಳ ಗಣಿತದಲ್ಲಿ ಹೆಸರಾದ ಫೂಲನ್ ಪ್ರಸಾದ್ ಅವರ ಶಿಷ್ಯರು.

ನನಗೆ ಹೆಚ್ಚು ಪ್ರಿಯವಾದದ್ದು ಬೇರೆ. ಇಷ್ಟು ದೊಡ್ಡ ಪ್ರಾಧ್ಯಾಪಕರು ಶಾಲಾ ಮಕ್ಕಳಿಗೆ ಗಣಿತ ಒಲಿಂಪಿಯಾಡ್ ಬೇಕೆಂದು ದುಡಿದರು. ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಭಾರತ ತಂಡದಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಕೊಡುವ ಬಹುಮಾನ ಅವರ ಹೆಸರಿನಲ್ಲಿದೆ.

1968ರಲ್ಲಿ ಪದ್ಮಭೂಷಣ ಬಂತು. ಮರುವರ್ಷ ರಾಜಸ್ಥಾನ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಹೊರಟರು. ಆ ಕುರ್ಚಿ ಗಣಿತದ ಹೊತ್ತನ್ನು ತಿಂದಿತೇನೋ ಎಂದು ನನಗನ್ನಿಸುತ್ತದೆ. ಮುಂದೆ ಶಿಮ್ಲಾದಲ್ಲಿ ಪಾಠಕ್ಕೆ ಮರಳಿದರು, ಕೊನೆಗೆ ಅಲಹಾಬಾದಿನ ಮೆಹ್ತಾ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1976ರ ಅಕ್ಟೋಬರ್ 5ರಂದು ತೀರಿಕೊಂಡರು.

ಬಿ.ಜಿ.ಕೆ. ಮಾದರಿಗೆ ಕಂಪ್ಯೂಟರಿನಲ್ಲಿ ದೊಡ್ಡ ಬಳಕೆ ಬಂದದ್ದು ತೊಂಬತ್ತರ ದಶಕದಲ್ಲಿ. ರಕ್ತನಾಳದ ಹರಿವನ್ನೂ ವಾಹನದ ಸುತ್ತಲಿನ ಗಾಳಿಯನ್ನೂ ಅದರಿಂದ ಲೆಕ್ಕ ಹಾಕುತ್ತಾರೆ. ಅದನ್ನು ನೋಡಲು ಅವರಿರಲಿಲ್ಲ.

ಆ ಹುಡುಗಿ ಈಗ ಎಲ್ಲಿದ್ದಾಳೋ. ಈ ಸಂಚಿಕೆ ಕೈಗೆ ಸಿಕ್ಕರೆ ಓದಲಿ. ತಡವಾಯಿತು, ತಪ್ಪು ನನ್ನದೇ.