ಗುಸ್ತಾವ್ ಹರ್ಮನ್ ಕ್ರುಂಬಿಗಲ್

ಗುಸ್ತಾವ್ ಹರ್ಮನ್ ಕ್ರುಂಬಿಗಲ್ (ಡಿಸೆಂಬರ್ 18, 1865 – ಫೆಬ್ರವರಿ 8, 1956) ಜರ್ಮನಿಯಲ್ಲಿ ಜನಿಸಿದ ಸಸ್ಯತಜ್ಞ ಹಾಗೂ ಉದ್ಯಾನ ವಿನ್ಯಾಸಕಾರರು. ಬರೋಡಾ ಮತ್ತು ಮೈಸೂರು ಸಂಸ್ಥಾನಗಳಲ್ಲಿ ಸೇವೆ ಸಲ್ಲಿಸಿದ ಇವರು ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದ ಬೆಳವಣಿಗೆ ಮತ್ತು ಬೆಂಗಳೂರಿನ ಸಾಲುಮರಗಳ ಯೋಜನೆಗಾಗಿ ಪ್ರಸಿದ್ಧರಾಗಿದ್ದಾರೆ. ಇಂಗ್ಲೆಂಡಿನ ಅರಮನೆ ತೋಟಗಳಲ್ಲಿ ಬೆಳೆದ ಉದ್ಯಾನಕಲೆಯನ್ನು ಮೈಸೂರು ಸೀಮೆಯ ಹವಾಮಾನಕ್ಕೆ ಹೊಂದಿಸಿ, ಅದನ್ನು ಅರಮನೆಯ ಆವರಣದಿಂದ ಸಾರ್ವಜನಿಕ ಬೀದಿಗೆ ತಂದದ್ದು ಇವರ ಮುಖ್ಯ ಸಾಧನೆ.

ಜನನ ಮತ್ತು ತರಬೇತಿ

ಕ್ರುಂಬಿಗಲ್ ಅವರು ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡೆನ್ ನಗರದ ಸಮೀಪದಲ್ಲಿರುವ ಲೋಮೆನ್‌ನಲ್ಲಿ ಜನಿಸಿದರು. ತೋಟಗಾರಿಕೆಯಲ್ಲಿ ತರಬೇತಿ ಪಡೆದ ಬಳಿಕ ಇಂಗ್ಲೆಂಡಿಗೆ ತೆರಳಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂವಿನ ಪಾತಿಗಳ ವಿನ್ಯಾಸದಲ್ಲಿ ತೊಡಗಿದರು. ಅನಂತರ ಕ್ಯೂ ರಾಜೋದ್ಯಾನವನ್ನು ಸೇರಿದರು.

ಕ್ಯೂ ಮೊದಲಿಗೆ ಇಂಗ್ಲೆಂಡಿನ ರಾಜಮನೆತನದ ನಿವಾಸಕ್ಕೆ ಸೇರಿದ ತೋಟವಾಗಿತ್ತು. ರಾಜಕುಮಾರಿ ಅಗಸ್ಟಾ ಅವರ ಕಾಲದಲ್ಲಿ, 1759ರಲ್ಲಿ, ಇಲ್ಲಿ ಸಸ್ಯಸಂಗ್ರಹ ಆರಂಭವಾಯಿತು. 1840ರಲ್ಲಿ ಅದು ರಾಷ್ಟ್ರದ ಸಸ್ಯೋದ್ಯಾನವಾಯಿತು. ವಿಶಾಲವಾದ ಹುಲ್ಲುಹಾಸು, ಗುಂಪುಗುಂಪಾಗಿ ನೆಟ್ಟ ಮರಗಳು, ಬಾಗಿ ಸಾಗುವ ದಾರಿಗಳು ಮತ್ತು ದೂರದವರೆಗೆ ಕಾಣುವ ನೋಟ ಇವು ಇಂಗ್ಲೆಂಡಿನ ಶ್ರೀಮಂತ ನಿವಾಸಗಳ ತೋಟಗಳ ಲಕ್ಷಣಗಳು. ಈ ಪರಂಪರೆಯ ಜೊತೆಗೆ ದೂರದೇಶಗಳ ಸಸ್ಯಗಳನ್ನು ತಂದು ಬೆಳೆಸುವ ವೈಜ್ಞಾನಿಕ ಪದ್ಧತಿಯೂ ಕ್ಯೂನಲ್ಲಿ ರೂಢಿಯಲ್ಲಿತ್ತು.

ಬರೋಡಾ ಸಂಸ್ಥಾನದಲ್ಲಿ

1893ರಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರ ಆಹ್ವಾನದ ಮೇರೆಗೆ ಕ್ರುಂಬಿಗಲ್ ಬರೋಡಾಕ್ಕೆ ಬಂದು, ಸಂಸ್ಥಾನದ ಉದ್ಯಾನಗಳ ಹೊಣೆ ವಹಿಸಿಕೊಂಡರು. 1890ರಲ್ಲಿ ಪೂರ್ಣಗೊಂಡಿದ್ದ ಲಕ್ಷ್ಮೀವಿಲಾಸ ಅರಮನೆಯ ತೋಟವನ್ನು ಕ್ಯೂನಲ್ಲೇ ಕೆಲಸ ಮಾಡಿದ್ದ ವಿಲಿಯಂ ಗೋಲ್ಡ್ರಿಂಗ್ ರೂಪಿಸಿದ್ದರು.

ಮೈಸೂರು ಸಂಸ್ಥಾನದಲ್ಲಿ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1908ರ ಸುಮಾರಿಗೆ, ಜಾನ್ ಕ್ಯಾಮರಾನ್ ಅವರ ಉತ್ತರಾಧಿಕಾರಿಯಾಗಿ ಕ್ರುಂಬಿಗಲ್ ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡರು. ಲಾಲ್‌ಬಾಗ್ ಕೂಡ ಕ್ಯೂನಂತೆ ಅರಸರ ತೋಟವಾಗಿಯೇ ಹುಟ್ಟಿದ್ದು. ಹೈದರ್ ಅಲಿ 1760ರಲ್ಲಿ ಆರಂಭಿಸಿದ, ಟಿಪ್ಪು ಸುಲ್ತಾನ್ ಬೆಳೆಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿತ್ತು. ಕ್ರುಂಬಿಗಲ್ ವಿದೇಶಗಳಿಂದ ಅನೇಕ ಬಗೆಯ ಸಸ್ಯಗಳನ್ನು ತರಿಸಿ ಇಲ್ಲಿ ಬೆಳೆಸಿದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘದ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳು ಈ ಸಂಘದೊಂದಿಗೆ ಬೆಸೆದುಕೊಂಡಿವೆ.

ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ನಗರ ಸುಂದರೀಕರಣ ಯೋಜನೆಗಳಿಗೂ ಕ್ರುಂಬಿಗಲ್ ಸಲಹೆಗಾರರಾಗಿದ್ದರು. ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದೊಂದಿಗೂ ಅವರ ಹೆಸರು ಸೇರಿಕೊಂಡಿದೆ. ಆದರೆ ಆ ಉದ್ಯಾನದ ಮೆಟ್ಟಿಲು ಮೆಟ್ಟಿಲಾದ ನೆಲ, ನೀರಿನ ಕಾಲುವೆ ಮತ್ತು ಕಾರಂಜಿಗಳ ಮಾದರಿ ಇಂಗ್ಲೆಂಡಿನದಲ್ಲ, ಮೊಘಲರ ಕಾಶ್ಮೀರದ ತೋಟಗಳದು.

ಸರಣಿ ಹೂಬಿಡುವಿಕೆ

ಒಂದು ಬೀದಿಯ ಮರಗಳ ಹೂವು ಉದುರುವ ವೇಳೆಗೆ ಮತ್ತೊಂದು ಬೀದಿಯ ಮರಗಳು ಹೂಬಿಡುವಂತೆ ಜಾತಿಗಳನ್ನು ಆರಿಸಿ ನೆಡುವ ಕ್ರಮ ಬೆಂಗಳೂರಿನಲ್ಲಿ ಕ್ರುಂಬಿಗಲ್ ಅವರ ಹೆಸರಿನೊಂದಿಗೆ ಗುರುತಿಸಲ್ಪಟ್ಟಿದೆ. ಇದರಿಂದ ವರ್ಷದ ಬಹುಕಾಲ ನಗರದ ಒಂದಲ್ಲ ಒಂದು ಭಾಗ ಹೂವಿನಿಂದ ತುಂಬಿರುತ್ತಿತ್ತು. ಅರಮನೆಯ ತೋಟವನ್ನು ನೋಡಲು ಅನುಮತಿ ಬೇಕು. ಸಾಲುಮರದ ನೆರಳು ಮತ್ತು ಹೂವು ದಾರಿಹೋಕರೆಲ್ಲರಿಗೂ ಸಲ್ಲುತ್ತದೆ. ಬೆಂಗಳೂರಿಗೆ ಉದ್ಯಾನನಗರಿ ಎಂಬ ಹೆಸರು ಬರಲು ಈ ನೆಡುತೋಪು ಪದ್ಧತಿಯೂ ಒಂದು ಕಾರಣ.

ಕೊನೆಯ ದಿನಗಳು

ಕ್ರುಂಬಿಗಲ್ 1932ರಲ್ಲಿ ನಿವೃತ್ತರಾದರು. ಕ್ಯೂನಲ್ಲಿ ತರಬೇತಿ ಪಡೆದಿದ್ದ ಹೆಚ್. ಸಿ. ಜವರಾಯ ಅವರ ಉತ್ತರಾಧಿಕಾರಿಯಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ದಶಕಗಳಿಂದ ಭಾರತದಲ್ಲೇ ನೆಲೆಸಿದ್ದ ಕ್ರುಂಬಿಗಲ್ ಅವರನ್ನು ಜರ್ಮನಿಯವರೆಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಬಂಧನದಲ್ಲಿರಿಸಿತು. ಯುದ್ಧಾನಂತರವೂ ಅವರು ಸ್ವದೇಶಕ್ಕೆ ಮರಳಿ ನೆಲೆಸಲಿಲ್ಲ. 1956ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ನಗರದ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ.

ಸ್ಮರಣೆ

ಲಾಲ್‌ಬಾಗಿನ ಬದಿಯ ರಸ್ತೆಗೆ ಕ್ರುಂಬಿಗಲ್ ರಸ್ತೆ ಎಂದು ಹೆಸರಿಡಲಾಗಿದೆ. ಉದ್ಯಾನದೊಳಗೆ ಅವರ ಹೆಸರು ಹೊತ್ತಿದ್ದ ಸಭಾಂಗಣದ ಹಳೆಯ ಕಟ್ಟಡ ಶಿಥಿಲಗೊಂಡು 2017ರಲ್ಲಿ ನೆಲಸಮವಾಯಿತು.