ಚಿಂದಿಗೊಂಬೆಯ ಜನಕ ಜಾನಿ ಗ್ರೂಯೆಲ್

ನೂಲಿನ ಕೂದಲು, ತ್ರಿಕೋನ ಮೂಗಿನ ಬಟ್ಟೆಗೊಂಬೆ 'ರ‍್ಯಾಗೆಡಿ ಆನ್'ಗೆ ರೂಪ ಕೊಟ್ಟ ಅಮೆರಿಕದ ವ್ಯಂಗ್ಯಚಿತ್ರಕಾರ ಜಾನಿ ಗ್ರೂಯೆಲ್ ಜನಿಸಿದ್ದು 1880ರಲ್ಲಿ, ಇಲಿನಾಯ್ ರಾಜ್ಯದ ಆರ್ಕೋಲಾದಲ್ಲಿ. ತಂದೆಯೂ ವರ್ಣಚಿತ್ರಕಾರರು.

1915ರ ಸೆಪ್ಟೆಂಬರಿನಲ್ಲಿ ಗೊಂಬೆಯ ವಿನ್ಯಾಸಕ್ಕೆ ಪೇಟೆಂಟ್ ದೊರೆಯಿತು. ನವೆಂಬರಿನಲ್ಲಿ 13ರ ಹರೆಯದ ಮಗಳು ಮಾರ್ಸೆಲ್ಲಾ ತೀರಿಕೊಂಡಳು. ಅಗಲಿದ ಮಗಳ ನೆನಪಿಗಾಗಿ ಗೊಂಬೆ ಹುಟ್ಟಿತೆಂಬುದು ಜನಜನಿತ ಕಥೆ. ಪೇಟೆಂಟಿನ ದಿನಾಂಕ ಅದನ್ನು ಒಪ್ಪುವುದಿಲ್ಲ. ಆದರೆ 1918ರ ಕಥಾಪುಸ್ತಕದಲ್ಲಿ ಗೊಂಬೆಯ ಪುಟ್ಟ ಒಡತಿಗೆ ಅವರಿತ್ತ ಹೆಸರು ಮಾರ್ಸೆಲ್ಲಾ.

1935ರಲ್ಲಿ ಅನುಮತಿಯಿಲ್ಲದ ಗೊಂಬೆಗಳು ಮಾರುಕಟ್ಟೆಗೆ ಬಂದಾಗ ಗ್ರೂಯೆಲ್ ನ್ಯಾಯಾಲಯದ ಮೆಟ್ಟಿಲೇರಿದರು. 1937ರ ಕೊನೆಯಲ್ಲಿ ಮೇಲ್ಮನವಿ ಗೆದ್ದರು. 1938ರ ಜನವರಿಯಲ್ಲಿ ಕಣ್ಮುಚ್ಚಿದರು. ಗೆಲುವಿನ ಫಲವನ್ನು ಅನುಭವಿಸಿದ್ದು ಅವರ ಕುಟುಂಬ. ಬಳಿಕ ಜಾರ್ಜೀನ್, ನಿಕರ್‌ಬಾಕರ್ ಮೊದಲಾದ ಸಂಸ್ಥೆಗಳು ದಶಕದಿಂದ ದಶಕಕ್ಕೆ ಹೊಲಿದ ಮರುರೂಪಗಳು ಇಂದು ಸಂಗ್ರಾಹಕರ ಸೊತ್ತು.