ಬೆಳಕಿನಿಂದ ಯುರೇನಿಯಂ ಒಡೆದ ಸಾರಾಭಾಯಿ

ವಿಕ್ರಂ ಸಾರಾಭಾಯಿ ಎಂದೊಡನೆ ನೆನಪಾಗುವುದು 1963ರ ನವೆಂಬರ್ 21ರಂದು ತುಂಬಾದಿಂದ ಚಿಮ್ಮಿದ ರಾಕೆಟ್. ಆದರೆ ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಈ ಪಿತಾಮಹರು ಯೌವನದಲ್ಲಿ ಪರಮಾಣು ಬೀಜದ ಮೇಲೆ ನಡೆಸಿದ ಪ್ರಯೋಗವೊಂದು ಅಷ್ಟಾಗಿ ಪ್ರಚಾರ ಪಡೆದಿಲ್ಲ.

1919ರ ಆಗಸ್ಟ್ 12ರಂದು ಅಹಮದಾಬಾದಿನ ಗಿರಣಿ ಮಾಲೀಕರ ಮನೆತನದಲ್ಲಿ ಜನಿಸಿದ ಸಾರಾಭಾಯಿ, ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಎರಡನೇ ಮಹಾಯುದ್ಧ ಆರಂಭವಾಯಿತು. ತಾಯ್ನಾಡಿಗೆ ಮರಳಿದ ಅವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನ ದೊರೆಯಿತು. ಅಲ್ಲಿ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದ ಅವರು 1942ರಲ್ಲಿ ಮೊದಲ ಸಂಶೋಧನಾ ಪ್ರಬಂಧ ಪ್ರಕಟಿಸಿದರು.

ಯುದ್ಧಾನಂತರ ಮತ್ತೆ ಕೇಂಬ್ರಿಜ್‌ಗೆ ತೆರಳಿ 1947ರಲ್ಲಿ ಡಾಕ್ಟರೇಟ್ ಪಡೆದರು. ಉಷ್ಣವಲಯದ ವಿಶ್ವಕಿರಣಗಳೇ ಮುಖ್ಯ ವಿಷಯವಾಗಿದ್ದ ಆ ಮಹಾಪ್ರಬಂಧದ ಒಂದು ಭಾಗ ಭಿನ್ನವಾಗಿತ್ತು. ಫ್ಲೋರಿನ್‌ಗೆ ಪ್ರೋಟಾನ್ ಅಪ್ಪಳಿಸಿದಾಗ ಹೊಮ್ಮುವ 6.2 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣಗಳಿಂದ ಯುರೇನಿಯಂ-238 ವಿದಳನಗೊಳ್ಳುವ ಸಂಭವ ಎಷ್ಟೆಂಬುದನ್ನು ಅವರು ನಿಖರವಾಗಿ ಅಳೆದಿದ್ದರು. ಗಾಮಾ ಕಿರಣವೂ ಬೆಳಕೇ. ಕಣ್ಣಿಗೆ ಕಾಣುವ ಬೆಳಕಿಗಿಂತ ಅದರ ಶಕ್ತಿ ಲಕ್ಷಾಂತರ ಪಟ್ಟು ಹೆಚ್ಚು. ಉತ್ತರ ಕನ್ನಡದ ಅಣಶಿ ಘಟ್ಟದ ಕೆಳಗೆ, 2000ನೇ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಕೈಗಾ ಸ್ಥಾವರದಲ್ಲಿ ಯುರೇನಿಯಂ ಒಡೆಯುವುದು ನ್ಯೂಟ್ರಾನ್‌ಗಳಿಂದ. ಸಾರಾಭಾಯಿ ಅವರ ಪ್ರಯೋಗದಲ್ಲಿ ಆ ಕೆಲಸ ಮಾಡಿದ್ದು ಬೆಳಕು.

ಬೆಳಕು ಪರಮಾಣು ಬೀಜವನ್ನು ಒಡೆಯುವ ಇಂಥ ಕ್ರಿಯೆಗಳಿಗೆ ನಕ್ಷತ್ರಗಳಲ್ಲೂ ಮಹತ್ವವಿದೆ. ಕೆಲವು ವಿರಳ ಧಾತುರೂಪಗಳ ಹುಟ್ಟಿಗೆ ಪ್ರತ್ಯೇಕ ಪ್ರಕ್ರಿಯೆಯೇ ಬೇಕೆಂದು ಬರ್ಬಿಜ್ ದಂಪತಿ, ಫೌಲರ್ ಹಾಗೂ ಹಾಯ್ಲ್ 1957ರಲ್ಲಿ ಪ್ರತಿಪಾದಿಸಿದರು. ಭಾರಿ ನಕ್ಷತ್ರ ಸಿಡಿಯುವಾಗ 200ರಿಂದ 300 ಕೋಟಿ ಡಿಗ್ರಿ ತಾಪದಲ್ಲಿ ಗಾಮಾ ಕಿರಣಗಳು ಭಾರ ಧಾತುಗಳ ಬೀಜದಿಂದ ನ್ಯೂಟ್ರಾನ್‌ಗಳನ್ನು ಕಿತ್ತೊಗೆದು ಇಂಥ ಸುಮಾರು 35 ರೂಪಗಳಲ್ಲಿ ಹೆಚ್ಚಿನವನ್ನು ಸೃಷ್ಟಿಸುತ್ತವೆ ಎಂಬುದು ಬಳಿಕ ಬೆಳೆದ ತಿಳಿವಳಿಕೆ. ಆದರೂ ಮಾಲಿಬ್ಡಿನಂ-92ರ ಪ್ರಮಾಣ ಈ ಲೆಕ್ಕಕ್ಕೆ ಇನ್ನೂ ಸರಿಹೊಂದಿಲ್ಲ. ಒಗಟು ಬಿಡಿಸಲು ಗಾಮಾ ಕಿರಣ ಯಾವ ಬೀಜವನ್ನು ಎಷ್ಟು ಸುಲಭವಾಗಿ ಒಡೆಯುತ್ತದೆಂಬ ಅಳತೆಗಳೇ ಆಧಾರ.

ಸಾರಾಭಾಯಿ ಆ ದಾರಿಯಲ್ಲಿ ಮುಂದುವರಿಯಲಿಲ್ಲ. 1947ರಲ್ಲೇ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿ ವಿಶ್ವಕಿರಣಗಳತ್ತ ಮರಳಿದರು. ಹೋಮಿ ಭಾಭಾ ನಿಧನಾನಂತರ 1966ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷತೆಯೂ ಹೆಗಲೇರಿತು; 1969ರಲ್ಲಿ ಇಸ್ರೋ ಸ್ಥಾಪನೆಯಾಯಿತು. ಬಿಡುವಿಲ್ಲದ ದುಡಿಮೆಯ ನಡುವೆಯೇ 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಅವರು ಹಠಾತ್ತನೆ ನಿಧನರಾದರು. ಆಗ ಅವರಿಗೆ 52 ವರ್ಷ.